ಡೇಟ್ ತಪ್ಪಿದ ಕಂಪ್ಯೂಟರ್: ವಿಂಡೋಸ್ ಮತ್ತೆ ಹಾಕಿಸುವ ಮೊದಲು ಬಯಾಸ್ ನೋಡಿ

ರಾತ್ರಿ ಚೆನ್ನಾಗಿದ್ದ ಡೆಸ್ಕ್‌ಟಾಪ್. ಬೆಳಗ್ಗೆ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ. ಕೆಲವು ಸಲ ‘ಸಿಮಾಸ್ ಚೆಕ್‌ಸಮ್ ಎರರ್’ ಎಂದಿರುತ್ತದೆ, ಕೆಲವು ಸಲ ‘ನೋ ಬೂಟಬಲ್ ಡಿವೈಸ್’. ಇನ್ನು ಕೆಲವು ಸಲ ವಿಂಡೋಸ್ ಶುರುವಾಗುತ್ತದೆ, ಆದರೆ ಮೂಲೆಯಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿನದು, ಬ್ಯಾಂಕಿನ ವೆಬ್‌ಸೈಟ್ ತೆರೆಯುವುದೇ ಇಲ್ಲ. ರಿಪೇರಿಗೆ ಒಯ್ದರೆ ಬಹಳ ಸಲ ಸಿಗುವ ಉತ್ತರ: ‘ಓಎಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು.’

ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರ್ ಶುರುವಾಗುತ್ತದೆ, ಅದು ನಿಜ. ಆದರೆ ಎಷ್ಟೋ ಸಲ ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. ಮದರ್‌ಬೋರ್ಡ್ ಮೇಲಿನ ಸಣ್ಣ ಬಟನ್ ಸೆಲ್ ಖಾಲಿಯಾಗಿ, ಕಂಪ್ಯೂಟರ್ ಶುರುಮಾಡುವ ಬಯಾಸ್ ಎನ್ನುವ ಪ್ರೋಗ್ರಾಂ ಸಿಮಾಸ್ ಎಂಬ ಸಣ್ಣ ಮೆಮೊರಿಯಲ್ಲಿಟ್ಟ ತನ್ನ ಸೆಟ್ಟಿಂಗ್ ಮರೆತಿರುತ್ತದೆ, ಅಷ್ಟೇ. ಹೀಗಾದಾಗ ಡಿಸ್ಕ್‌ಗೆ ಕೈ ಹಾಕದೆ, ಡೇಟಾ ಕಳೆದುಕೊಳ್ಳದೆ, ಎಲ್ಲಿ ತಪ್ಪಿದೆ ಎಂದು ಹುಡುಕುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಲ್ಯಾಪ್‌ಟಾಪ್‌ಗೂ ಇದರಲ್ಲಿ ಜಾಸ್ತಿ ಭಾಗ ಅನ್ವಯಿಸುತ್ತದೆ.

ಎಲ್ಲಿ ನಿಂತಿದೆ ಎಂದು ಮೊದಲು ಗುರುತಿಸಿ

ಪವರ್ ಬಟನ್ ಒತ್ತಿದ ಕೂಡಲೇ ಓಡುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿ ಕೂತಿರುವ ಬಯಾಸ್. ಅದು ಮೊದಲು ರ‍್ಯಾಮ್, ಡಿಸ್‌ಪ್ಲೇ, ಕೀಬೋರ್ಡ್ ಪರೀಕ್ಷೆ ಮಾಡುತ್ತದೆ. ಆಮೇಲೆ ಯಾವ ಡಿಸ್ಕ್‌ಗಳಿವೆ ಎಂದು ನೋಡುತ್ತದೆ. ಕೊನೆಗೆ ತನ್ನ ಪಟ್ಟಿಯಲ್ಲಿ ಯಾವುದು ಮೊದಲಿದೆಯೋ ಅದರಿಂದ ಬೂಟ್ ಮಾಡಲು, ಅಂದರೆ ವಿಂಡೋಸ್ ಶುರುಮಾಡಲು, ನೋಡುತ್ತದೆ. ವಿಂಡೋಸ್ ಬರುವುದು ಇಷ್ಟೆಲ್ಲ ಆದ ಮೇಲೆ.

ಹಾಗಾಗಿ ಎಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಫ್ಯಾನ್ ಕೂಡ ತಿರುಗದಿದ್ದರೆ ಅದು ಪವರ್ ಸಪ್ಲೈ, ಕೇಬಲ್ ಅಥವಾ ಸ್ವಿಚ್ಚಿನ ತೊಂದರೆ. ಬಯಾಸ್ ಸೆಟ್ಟಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಫ್ಯಾನ್ ತಿರುಗಿಯೂ ಕಂಪನಿಯ ಲೋಗೊ ಬರದಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಸ್ಟಿಕ್ ತೆಗೆದು, ಒರೆಸಿ, ಒಂದೊಂದನ್ನೇ ಹಾಕಿ ನೋಡಿ. ಬೀಪ್ ಶಬ್ದ ಬಂದರೆ ಎಷ್ಟು ಸಲ, ಉದ್ದವೋ ಗಿಡ್ಡವೋ ಎಂದು ಬರೆದುಕೊಳ್ಳಿ. ಅದರ ಅರ್ಥ ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ನೋಡಿಯೇ ತಿಳಿಯಬೇಕು.

ಲೋಗೊ ಬಂದು ಆಮೇಲೆ ಕಪ್ಪು ಪರದೆ ಮೇಲೆ ಸಂದೇಶ ಬಂದರೆ, ಅಥವಾ ವಿಂಡೋಸ್‌ನ ಚುಕ್ಕಿಗಳು ಸುತ್ತಿ ನೀಲಿ ಪರದೆ ಬಂದರೆ, ಈ ಬರಹ ನಿಮಗೇ.

ಬಯಾಸ್ ಒಳಗೆ ಹೋಗುವುದು

ಡೆಲ್‌ನಲ್ಲಿ ಎಫ್2. ಎಚ್‌ಪಿಯಲ್ಲಿ ಎಫ್10, ಅಥವಾ ಎಸ್ಕೇಪ್ ಒತ್ತಿದರೆ ಮೆನು. ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಐಡಿಯಾಪ್ಯಾಡ್‌ನಲ್ಲಿ ಎಫ್2. ಏಸರ್‌ನಲ್ಲಿ ಎಫ್2. ಆಸುಸ್, ಗಿಗಾಬೈಟ್, ಎಂಎಸ್‌ಐ ಮದರ್‌ಬೋರ್ಡ್ ಹಾಕಿ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಡಿಲೀಟ್ ಕೀ. ಆನ್ ಮಾಡಿದ ಕೂಡಲೇ ಕೀಯನ್ನು ಟಕಟಕ ಒತ್ತುತ್ತಾ ಇರಿ. ಲೋಗೊ ಬರಲಿ ಎಂದು ಕಾಯಬೇಡಿ, ಅಷ್ಟರಲ್ಲಿ ಸಮಯ ಮೀರಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಫ್ ಕೀ ಒತ್ತಿದಾಗ ಬ್ರೈಟ್‌ನೆಸ್ ಬದಲಾಗುವುದಾದರೆ ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಿ.

ಕೀ ಒತ್ತಿದರೂ ಒಳಗೆ ಹೋಗದೆ ಸೀದಾ ವಿಂಡೋಸ್ ಬರುತ್ತಿದೆಯಾ? ಬಯಾಸ್‌ನಲ್ಲಿ ‘ಫಾಸ್ಟ್ ಬೂಟ್’ ಆನ್ ಇದ್ದರೆ ಯುಎಸ್‌ಬಿ ಕೀಬೋರ್ಡ್ ಎಚ್ಚರಗೊಳ್ಳುವ ಮೊದಲೇ ಆ ಹಂತ ದಾಟಿ ಹೋಗಬಹುದು. ಆಗ ವಿಂಡೋಸ್ ಒಳಗಿಂದಲೇ ಹೋಗಿ. ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಮೆನು ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ (ಯುಇಎಫ್‌ಐ ಎಂದರೆ ಬಯಾಸ್‌ನ ಹೊಸ ರೂಪ) ಎಂದು ಒಂದೊಂದೇ ಒತ್ತುತ್ತಾ ಹೋದರೆ ಕಂಪ್ಯೂಟರ್ ತಾನೇ ಬಯಾಸ್‌ಗೆ ಕರೆದುಕೊಂಡು ಹೋಗುತ್ತದೆ. ಆ ಕೊನೆಯ ಆಯ್ಕೆ ಕಾಣದಿದ್ದರೆ ನಿಮ್ಮ ವಿಂಡೋಸ್ ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಆಗುತ್ತಿರಬಹುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಬ್ಲೂಟೂತ್ ಕೀಬೋರ್ಡ್ ನೆಚ್ಚಬೇಡಿ. ವೈರ್ ಇರುವ ಒಂದು ಹಳೆ ಕೀಬೋರ್ಡ್ ಸಾಕು.

ಏನನ್ನೂ ಬದಲಿಸುವ ಮೊದಲು

ಮೊಬೈಲ್ ತೆಗೆದುಕೊಂಡು ಬಯಾಸ್‌ನ ಪ್ರತಿ ಪುಟದ ಫೋಟೊ ಹೊಡೆದುಕೊಳ್ಳಿ. ಬೇಸರದ ಕೆಲಸವೇ. ಆದರೆ ಅರ್ಧ ಗಂಟೆ ಆದ ಮೇಲೆ ‘ಇದು ಮೊದಲು ಏನಿತ್ತು?’ ಎನ್ನುವ ಪ್ರಶ್ನೆ ಬಂದೇ ಬರುತ್ತದೆ.

ಎರಡನೆಯದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕ್‌ನ ಡೇಟಾಕ್ಕೆ ಹಾಕುವ ಬೀಗ. ಇದನ್ನು ಜೋರಾಗಿಯೇ ಹೇಳಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ನಿಮ್ಮನ್ನು ಕೇಳದೆಯೇ ಆನ್ ಆಗಿರಬಹುದು. ಅಂಥ ಯಂತ್ರದಲ್ಲಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಸೆಟ್ಟಿಂಗ್), ಟಿಪಿಎಂ (ಆ ಬೀಗದ ಕೀಲಿ ಕಾಯುವ ಭಾಗ), ಬೂಟ್ ಮೋಡ್ ಬದಲಿಸಿದರೆ ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಬಯಾಸ್ ತಾನಾಗಿಯೇ ಮರೆತು ಡೀಫಾಲ್ಟ್‌ಗೆ ಹೋದರೂ ಕೇಳಬಹುದು. ಇದು ವೈರಸ್ ಅಲ್ಲ, ಹೆದರಬೇಡಿ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲ್‌ನಿಂದ ಅದೇ ಖಾತೆಗೆ ಲಾಗಿನ್ ಆಗಿ ಡಿವೈಸ್ ಪಟ್ಟಿಯಲ್ಲಿ ನೋಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರ ಹತ್ತಿರ ಇರುತ್ತದೆ. ಕೀ ಕೈಗೆ ಸಿಗುವವರೆಗೆ ಬಯಾಸ್‌ನಲ್ಲಿ ಏನನ್ನೂ ಮುಟ್ಟಬೇಡಿ. ‘ಕ್ಲಿಯರ್ ಟಿಪಿಎಂ’ ಎನ್ನುವ ಆಯ್ಕೆಯನ್ನಂತೂ ಒತ್ತಲೇಬೇಡಿ. ಕೀ ಎಲ್ಲೂ ಸಿಗದಿದ್ದರೆ ಆ ಡಿಸ್ಕ್‌ನ ಡೇಟಾವನ್ನು ರಿಪೇರಿಯವರೂ ತೆಗೆದುಕೊಡಲಾರರು.

ಮೊದಲ ಸುಳಿವು ಗಡಿಯಾರ

ಬಯಾಸ್‌ನ ಮೊದಲ ಪುಟದಲ್ಲೇ ತಾರೀಖು, ಸಮಯ ಇರುತ್ತದೆ. ಅಲ್ಲಿ ಯಾವುದೋ ಹಳೆ ವರ್ಷದ ಜನವರಿ 1 ಕಂಡರೆ ಸೆಲ್ ಮುಗಿದಿದೆ ಎಂದೇ ತಿಳಿಯಬಹುದು. ಹಳೆಯ ಬೋರ್ಡ್‌ಗಳಲ್ಲಿ ಗಡಿಯಾರವೂ ಸೆಟ್ಟಿಂಗ್‌ಗಳೂ ಎರಡೂ ಈ ಸೆಲ್‌ನ ಆಸರೆಯಲ್ಲೇ ಇರುತ್ತವೆ. ಹೊಸ ಬೋರ್ಡ್‌ಗಳಲ್ಲಿ ಸೆಟ್ಟಿಂಗ್‌ಗಳು ಕರೆಂಟ್ ಇಲ್ಲದೆಯೂ ಉಳಿಯುವ ಚಿಪ್‌ನಲ್ಲಿರಬಹುದು, ಗಡಿಯಾರಕ್ಕೆ ಮಾತ್ರ ಸೆಲ್ ಬೇಕು. ಆದರೂ ಹಲವು ಬೋರ್ಡ್‌ಗಳು ಸೆಲ್ ಸತ್ತದ್ದು ಗೊತ್ತಾದ ಕೂಡಲೇ ಎಲ್ಲವನ್ನೂ ಡೀಫಾಲ್ಟ್‌ಗೆ ಎಳೆದುಬಿಡುತ್ತವೆ.

ಡೇಟ್ ತಪ್ಪಿದ್ದರೆ ಇಂಟರ್ನೆಟ್ ಯಾಕೆ ಕೈಕೊಡುತ್ತದೆ? ಪ್ರತಿ ಸುರಕ್ಷಿತ ವೆಬ್‌ಸೈಟ್‌ನ ಸರ್ಟಿಫಿಕೇಟಿಗೂ ಶುರುವಿನ ತಾರೀಖು, ಮುಗಿಯುವ ತಾರೀಖು ಇರುತ್ತದೆ. ನಿಮ್ಮ ಕಂಪ್ಯೂಟರ್ ಇನ್ನೂ ಹಳೆ ವರ್ಷದಲ್ಲಿದ್ದರೆ ಆ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಹಾಗಾಗಿ ಬ್ರೌಸರ್ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ತಡೆಯುತ್ತದೆ. ಜನ ಸುಮ್ನೆ ಬ್ರೌಸರ್ ತೆಗೆದು ಮತ್ತೆ ಹಾಕುತ್ತಾರೆ, ರೂಟರ್ ರೀಸೆಟ್ ಮಾಡುತ್ತಾರೆ. ಮೂಲೆಯ ಗಡಿಯಾರದ ಕಡೆ ಕಣ್ಣು ಹೋಗುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಹೀಗೆ ಮಾಡಿ. ಬಯಾಸ್‌ನಲ್ಲಿ ಸರಿಯಾದ ಸಮಯ ಹಾಕಿ ಸೇವ್ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ. ರಾತ್ರಿ ಇಡೀ ಹಾಗೇ ಬಿಡಿ. ಬೆಳಗ್ಗೆ ನೇರವಾಗಿ ಬಯಾಸ್‌ಗೆ ಹೋಗಿ ಸಮಯ ನೋಡಿ. ವಿಂಡೋಸ್‌ನಲ್ಲಿ ನೋಡಿದರೆ ಪ್ರಯೋಜನ ಇಲ್ಲ, ಅದು ಇಂಟರ್ನೆಟ್‌ನಿಂದ ಸಮಯ ತಂದುಕೊಂಡು ತಪ್ಪನ್ನು ಮುಚ್ಚಿಹಾಕಿರುತ್ತದೆ.

ಗೋಡೆಯ ಸ್ವಿಚ್ ಆಫ್ ಮಾಡಿ ಎಂದದ್ದಕ್ಕೆ ಕಾರಣ ಇದೆ. ಪವರ್ ಕೇಬಲ್‌ನಲ್ಲಿ ಕರೆಂಟ್ ಇರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ ಗಡಿಯಾರ ಆ ಕರೆಂಟಿನಲ್ಲೇ ನಡೆಯುತ್ತದೆ, ಸೆಲ್ ಖರ್ಚಾಗುವುದಿಲ್ಲ. ನಮ್ಮಲ್ಲಿ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಮಲಗುವ ಅಭ್ಯಾಸ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಪ್ಲಗ್ಗನ್ನೇ ಕೀಳುತ್ತೇವೆ. ಅದು ಒಳ್ಳೆಯದೇ, ಬಿಡಬೇಡಿ. ಆದರೆ ಆಗೆಲ್ಲ ಗಡಿಯಾರ ನಡೆಸುವುದು ಆ ಸೆಲ್ಲೇ. ಹಾಗಾಗಿ ಇಂಥ ಮನೆಗಳಲ್ಲಿ ಸೆಲ್ ಬೇಗ ಮುಗಿಯುತ್ತದೆ. ಬೇಸಿಗೆ ರಜೆಯಲ್ಲಿ ಮುಚ್ಚಿದ ಶಾಲೆಯ ಕಂಪ್ಯೂಟರ್ ಕೋಣೆ ಜೂನ್‌ನಲ್ಲಿ ತೆರೆದಾಗ ಸಾಲಾಗಿ ಡೇಟ್ ತಪ್ಪಿದ ಯಂತ್ರಗಳು ಸಿಕ್ಕರೆ ಆಶ್ಚರ್ಯ ಬೇಡ.

ಸೆಲ್‌ನ ಹೆಸರು ಸಿಆರ್2032. 3 ವೋಲ್ಟ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸಿಆರ್2025 ಕೊಟ್ಟರೆ ಬೇಡ ಎನ್ನಿ. ಅಗಲ ಅಷ್ಟೇ ಇದ್ದರೂ ಅದು 2.5 ಮಿಲಿಮೀಟರ್ ದಪ್ಪ, ಹೋಲ್ಡರ್‌ನಲ್ಲಿ ಸಡಿಲವಾಗಿ ಕೂರುತ್ತದೆ. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆಯಿರಿ. ಹೊಸದು 3 ವೋಲ್ಟ್‌ಗಿಂತ ಸ್ವಲ್ಪ ಮೇಲೆ ತೋರಿಸುತ್ತದೆ. 2.7ಕ್ಕಿಂತ ಕೆಳಗಿದ್ದರೆ ಬದಲಿಸಿಬಿಡಿ. ಬದಲಿಸುವಾಗ ಗೋಡೆಯ ಸ್ವಿಚ್ ಆಫ್ ಆಗಿರಲಿ, ಕೇಬಲ್ ಕಿತ್ತಿರಲಿ. ಹೋಲ್ಡರ್‌ನ ಬದಿಯ ಸಣ್ಣ ಕೊಕ್ಕೆಯನ್ನು ತಳ್ಳಿದರೆ ಸೆಲ್ ಮೇಲಕ್ಕೆ ಹಾರುತ್ತದೆ. ಮಲಗಿಸಿ ಕೂರಿಸುವ ಹೋಲ್ಡರ್ ಆದರೆ ಪ್ಲಸ್ ಗುರುತು ಮೇಲೆ. ಲ್ಯಾಪ್‌ಟಾಪ್‌ನಲ್ಲಿ ಇದೇ ಸೆಲ್ ಪ್ಲಾಸ್ಟಿಕ್ ಸುತ್ತಿಕೊಂಡು ಎರಡು ವೈರ್ ಇಟ್ಟುಕೊಂಡಿರುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದೂ ಇರುವುದಿಲ್ಲ, ದೊಡ್ಡ ಬ್ಯಾಟರಿಯೇ ಆ ಕೆಲಸ ಮಾಡುತ್ತದೆ.

ಒಂದು ಕಡೆ ಮಾತ್ರ ಮೋಸ ಹೋಗಬೇಡಿ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಉಬುಂಟು (ಒಂದು ಬಗೆಯ ಲಿನಕ್ಸ್) ಎರಡೂ ಇದ್ದು, ಸಮಯ ಸರಿಯಾಗಿ ಐದೂವರೆ ಗಂಟೆ ತಪ್ಪುತ್ತಿದ್ದರೆ ಸೆಲ್ ಚೆನ್ನಾಗಿಯೇ ಇದೆ. ಲಿನಕ್ಸ್ ಸಾಮಾನ್ಯವಾಗಿ ಬಯಾಸ್ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ ಅಲ್ವಾ, ಆ ವ್ಯತ್ಯಾಸವೇ ಅದು. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸು ಎಂದು ಹೇಳಿದರೆ ಮುಗಿಯಿತು.

ಡಿಸ್ಕ್ ಕಾಣುತ್ತಿದೆಯಾ?

ಸೆಲ್ ಹಾಕಿದಿರಿ, ಸಮಯ ಸರಿಮಾಡಿದಿರಿ. ಆದರೂ ವಿಂಡೋಸ್ ಬರುತ್ತಿಲ್ಲ. ಹೊಸ ಸೆಲ್ ಹಳೆಯ ಸೆಟ್ಟಿಂಗ್‌ಗಳನ್ನು ವಾಪಸ್ ತರುವುದಿಲ್ಲ. ಈಗ ಬಯಾಸ್‌ನಲ್ಲಿ ಸ್ಟೋರೇಜ್ ಅಥವಾ ಸಾಟಾ, ಎನ್‌ವಿಎಂಇ (ಡಿಸ್ಕ್ ಜೋಡಿಸುವ ಎರಡು ರೀತಿಗಳು) ಎಂದಿರುವ ಪುಟಕ್ಕೆ ಹೋಗಿ. ನಿಮ್ಮ ಡಿಸ್ಕ್‌ನ ಮಾಡೆಲ್ ಹೆಸರು ಅಲ್ಲಿದೆಯಾ?

ಇಲ್ಲದಿದ್ದರೆ ಕೇಬಲ್ ನೋಡಿ. ಸೆಲ್ ಬದಲಿಸುವಾಗ ಕೈ ತಾಗಿ ಸಾಟಾ ಕೇಬಲ್ ಸಡಿಲವಾಗುವುದು ಮಾಮೂಲು. ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ. ಇತ್ತೀಚೆಗೆ ಎಂ.2 ಎಸ್‌ಎಸ್‌ಡಿ ಹೊಸದಾಗಿ ಹಾಕಿಸಿದ್ದರೆ ಇನ್ನೊಂದು ಕಾರಣವೂ ಇರಬಹುದು. ಹಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ತಾವಾಗಿಯೇ ಆಫ್ ಆಗುತ್ತವೆ. ಯಾವುವು ಎಂದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ.

ಡಿಸ್ಕ್ ಕಾಣುತ್ತಿದ್ದರೆ ನಿಟ್ಟುಸಿರು ಬಿಡಿ. ಈಗ ಬೂಟ್ ಪಟ್ಟಿ ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಹೊಸ ರೀತಿಯ ಯುಇಎಫ್‌ಐ ಬೂಟ್‌ನಲ್ಲಿ ಮೊದಲ ಸ್ಥಾನದಲ್ಲಿ ಇರಬೇಕಾದದ್ದು ಡಿಸ್ಕ್‌ನ ಹೆಸರಲ್ಲ, ‘ವಿಂಡೋಸ್ ಬೂಟ್ ಮ್ಯಾನೇಜರ್’. ಉಬುಂಟು ಜೊತೆಗಿದ್ದರೆ ‘ಉಬುಂಟು’ ಎನ್ನುವ ಸಾಲೂ ಇರುತ್ತದೆ. ಅದನ್ನು ಮೇಲಿಟ್ಟರೆ ಗ್ರಬ್ ಮೆನು ಬಂದು ಎರಡರಲ್ಲಿ ಒಂದನ್ನು ಆರಿಸಬಹುದು. ಪರದೆ ಮೇಲೆ ‘ಪಿಎಕ್ಸ್‌ಇ’, ‘ಐಪಿವಿ4’ ಎಂಬಂಥ ಪದಗಳು ಓಡುತ್ತಿದ್ದರೆ ಕಂಪ್ಯೂಟರ್ ನೆಟ್‌ವರ್ಕ್ ಕೇಬಲ್‌ನಿಂದ ಬೂಟ್ ಆಗಲು ನೋಡುತ್ತಿದೆ ಎಂದರ್ಥ. ಅಂದರೆ ಪಟ್ಟಿಯಲ್ಲಿ ನೆಟ್‌ವರ್ಕ್ ಮೊದಲಿದೆ, ಇಲ್ಲವೇ ಡಿಸ್ಕ್‌ನಿಂದ ಬೂಟ್ ಮಾಡಲು ಆಗಿಲ್ಲ. ಹಾಗೆಯೇ ಹಿಂದೆ ಯಾರೋ ಚುಚ್ಚಿಟ್ಟ ಪೆನ್‌ಡ್ರೈವ್ ಇದೆಯಾ ಎಂದೂ ನೋಡಿ.

ವಿಂಡೋಸ್ ಬೂಟ್ ಮ್ಯಾನೇಜರ್ ಪಟ್ಟಿಯಲ್ಲೇ ಇಲ್ಲವಾದರೆ ಬೂಟ್ ಮೋಡ್ ಮೇಲೆ ಅನುಮಾನ ಪಡಿ. ಹಳೆಯ ಲೆಗಸಿ ವಿಧಾನ 1981ರ ಐಬಿಎಂ ಪಿಸಿ ಕಾಲದಿಂದ ಬಂದದ್ದು. ಅದಕ್ಕೆ ಎಂಬಿಆರ್ ಎಂಬ ಹಳೆಯ ರೀತಿಯಲ್ಲಿ ಭಾಗ ಮಾಡಿದ ಡಿಸ್ಕ್ ಬೇಕು. ಆ ರೀತಿಯಲ್ಲಿ ಸುಮಾರು 2 ಟಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ಬಳಕೆಗೆ ಸಿಗುವುದಿಲ್ಲ. ಯುಇಎಫ್‌ಐನಲ್ಲಿ ವಿಂಡೋಸ್‌ಗೆ ಜಿಪಿಟಿ ಎಂಬ ಹೊಸ ರೀತಿಯಲ್ಲಿ ಭಾಗ ಮಾಡಿದ ಡಿಸ್ಕ್ ಬೇಕು. ವಿಂಡೋಸ್ ಯಾವ ವಿಧಾನದಲ್ಲಿ ಹಾಕಿತ್ತೋ ಅದೇ ವಿಧಾನದಲ್ಲೇ ಬೂಟ್ ಆಗಬೇಕು. ಹಳೆ ವಿಂಡೋಸ್ 7 ಕಾಲದಲ್ಲಿ ಲೆಗಸಿಯಲ್ಲಿ ಹಾಕಿ, ಅದರ ಮೇಲೆಯೇ ವಿಂಡೋಸ್ 10ಕ್ಕೆ ಏರಿಸಿದ ಯಂತ್ರಗಳು ಇನ್ನೂ ಎಷ್ಟೋ ಇವೆ. ಅಂಥದರಲ್ಲಿ ಬಯಾಸ್ ಡೀಫಾಲ್ಟ್ ಆಗಿ ಯುಇಎಫ್‌ಐಗೆ ಹೋದರೆ ಡಿಸ್ಕ್ ಕಾಣುತ್ತದೆ, ಬೂಟ್ ಮಾತ್ರ ಆಗುವುದಿಲ್ಲ. ‘ಸಿಎಸ್‌ಎಂ’ ಅಥವಾ ‘ಲೆಗಸಿ’ ಆನ್ ಮಾಡಿ ಒಮ್ಮೆ ನೋಡಿ. ಇದರಿಂದ ಡೇಟಾಕ್ಕೆ ಏನೂ ಆಗುವುದಿಲ್ಲ. ಬೂಟ್ ಆಗದಿದ್ದರೆ ಮೊದಲಿನಂತೆ ಮಾಡಿ ಮುಂದೆ ಹೋಗಿ. ಹೊಸ ಯಂತ್ರಗಳಲ್ಲಿ ಈ ಆಯ್ಕೆ ಇಲ್ಲದೆಯೂ ಇರಬಹುದು.

ವಿಂಡೋಸ್ ಒಳಗೆ ಹೋಗಲು ಸಾಧ್ಯವಾದರೆ ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಂ ಇನ್‌ಫರ್ಮೇಷನ್’ ಹುಡುಕಿ. ‘ಬಯಾಸ್ ಮೋಡ್’ ಎನ್ನುವ ಸಾಲಿನಲ್ಲಿ ಯುಇಎಫ್‌ಐ ಅಥವಾ ಲೆಗಸಿ ಎಂದು ಬರೆದಿರುತ್ತದೆ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಯುಇಎಫ್‌ಐ ಮತ್ತು ಟಿಪಿಎಂ 2.0 ಬೇಕು. ಹಾಗಾಗಿ ನಿಮ್ಮದು ನಿಯಮದ ಪ್ರಕಾರ ಹಾಕಿದ ವಿಂಡೋಸ್ 11 ಆಗಿದ್ದರೆ ಲೆಗಸಿಯ ತಂಟೆಗೆ ಹೋಗಬೇಕಾಗಿಲ್ಲ.

ಚುಕ್ಕಿ ಸುತ್ತಿ ನೀಲಿ ಪರದೆ: ಸಾಟಾ ಮೋಡ್

ನನ್ನ ಪ್ರಕಾರ ಅತಿ ಹೆಚ್ಚು ವಿಂಡೋಸ್‌ಗಳನ್ನು ಸುಮ್ಮಸುಮ್ಮನೆ ಅಳಿಸಿಹಾಕಿಸುವ ದೋಷ ಇದು. ಲೋಗೊ ಬರುತ್ತದೆ, ಚುಕ್ಕಿ ಸುತ್ತುತ್ತದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ. ಮತ್ತೆ ರೀಸ್ಟಾರ್ಟ್, ‘ಆಟೊಮ್ಯಾಟಿಕ್ ರಿಪೇರಿ’, ಅದೂ ಸೋಲುತ್ತದೆ. ನೋಡಿದವರಿಗೆ ಡಿಸ್ಕ್ ಸತ್ತಂತೆಯೇ ಅನ್ನಿಸುತ್ತದೆ.

ಆಗಿರುವುದು ಇಷ್ಟು. ಬಯಾಸ್ ಡಿಸ್ಕ್ ಜೊತೆ ಮಾತಾಡುವ ರೀತಿಗೆ ಕೆಲವು ಆಯ್ಕೆಗಳಿವೆ. ಎಎಚ್‌ಸಿಐ ಒಂದು. ರೇಡ್ ಇನ್ನೊಂದು. ಇಂಟೆಲ್ ಯಂತ್ರಗಳಲ್ಲಿ ಆರ್‌ಎಸ್‌ಟಿ ಅಥವಾ ವಿಎಂಡಿ ಎಂದೂ ಇರಬಹುದು. ವಿಂಡೋಸ್ ತಾನು ಹಾಕಿಸಿಕೊಂಡ ದಿನ ಯಾವುದಿತ್ತೋ ಅದರ ಡ್ರೈವರ್ ಮಾತ್ರ ಶುರುವಿನಲ್ಲೇ ಓಡುವಂತೆ ಇಟ್ಟುಕೊಂಡಿರುತ್ತದೆ. ಬಯಾಸ್ ಡೀಫಾಲ್ಟ್‌ಗೆ ಹೋಗಿ ಮೋಡ್ ಬದಲಾದರೆ, ಅರ್ಧ ದಾರಿಯಲ್ಲಿ ವಿಂಡೋಸ್‌ಗೆ ತನ್ನ ಡಿಸ್ಕ್ ತನಗೇ ಕಾಣುವುದಿಲ್ಲ. ಬೀಗ ಬದಲಿಸಿದ ಮನೆಗೆ ಹಳೆ ಬೀಗದಕೈ ಹಿಡಿದು ಬಂದಂತೆ.

ಮಾಡಬೇಕಾದದ್ದು ಸುಲಭ. ಬಯಾಸ್‌ಗೆ ಹೋಗಿ ‘ಸಾಟಾ ಮೋಡ್’ ಈಗ ಏನಿದೆ ನೋಡಿ. ರೇಡ್ ಇದ್ದರೆ ಎಎಚ್‌ಸಿಐ ಮಾಡಿ, ಎಎಚ್‌ಸಿಐ ಇದ್ದರೆ ರೇಡ್ ಅಥವಾ ಆರ್‌ಎಸ್‌ಟಿ ಮಾಡಿ. ಎಫ್10 ಒತ್ತಿ ಸೇವ್ ಮಾಡಿ ಹೊರಗೆ ಬನ್ನಿ. ಈ ಸಲ ಬೂಟ್ ಆದರೆ ಅದೇ ಸರಿಯಾದ ಮೋಡ್. ಒಂದು ಎಚ್ಚರಿಕೆ: ಎರಡು ಡಿಸ್ಕ್ ಸೇರಿಸಿ ನಿಜವಾಗಿಯೇ ರೇಡ್ ಮಾಡಿಸಿರುವ ಯಂತ್ರವಾದರೆ ಈ ಪ್ರಯೋಗ ಬೇಡ. ಹಾಗೂ ಬಯಾಸ್ ‘ಡೇಟಾ ಅಳಿಸಲೇ?’ ಎಂದು ಕೇಳಿದರೆ ಒಪ್ಪದೆ ಹೊರಗೆ ಬನ್ನಿ.

ಚೆನ್ನಾಗಿ ಓಡುತ್ತಿರುವ ಯಂತ್ರದಲ್ಲೇ ಬೇಕೆಂದು ಮೋಡ್ ಬದಲಿಸಬೇಕಾದರೆ ವಿಂಡೋಸ್‌ಗೆ ಮೊದಲೇ ಸುದ್ದಿ ಮುಟ್ಟಿಸಬೇಕು. ‘ಸಿಸ್ಟಂ ಕಾನ್ಫಿಗರೇಷನ್’ ತೆರೆದು ಬೂಟ್ ಎನ್ನುವ ಪುಟದಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ. ರೀಸ್ಟಾರ್ಟ್ ಮಾಡಿ ನೇರ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ನಾಲ್ಕಂಕಿ ಪಿನ್ ಕೆಲಸ ಮಾಡದೇ ಇರಬಹುದು. ಖಾತೆಯ ಪೂರ್ತಿ ಪಾಸ್‌ವರ್ಡ್ ಗೊತ್ತಿದೆ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ಇಂಟೆಲ್ 11ನೇ ತಲೆಮಾರಿನಿಂದ ಈಚೆಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹೊಸದಾಗಿ ಹಾಕಲು ಹೋದರೆ ಡಿಸ್ಕ್ ಪಟ್ಟಿ ಖಾಲಿ ತೋರಿಸುವುದಕ್ಕೂ ಇದೇ ಕಾರಣ, ವಿಎಂಡಿ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟ್‌ನಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ‘ಲೋಡ್ ಡ್ರೈವರ್’ ಒತ್ತಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ.

ಉಳಿದ ಸಣ್ಣಪುಟ್ಟವು

ಡೀಫಾಲ್ಟ್ ಆದಾಗ ಇನ್ನೂ ಕೆಲವು ಬದಲಾಗಿರುತ್ತವೆ. ಎಕ್ಸ್‌ಎಂಪಿ ಆಫ್ ಆಗಿ ರ‍್ಯಾಮ್ ನಿಧಾನವಾಗಿ ಓಡುತ್ತದೆ, ಬೇಕಿದ್ದರೆ ಆನ್ ಮಾಡಿ. ವರ್ಚುವಲೈಸೇಷನ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಆಫ್ ಆಗಿ ವರ್ಚುವಲ್‌ಬಾಕ್ಸ್, ಆಂಡ್ರಾಯ್ಡ್ ಎಮ್ಯುಲೇಟರ್ ಕೈಕೊಡಬಹುದು. ಅಂಗಡಿಯ ಸಿಸಿಟಿವಿ ಕಂಪ್ಯೂಟರ್‌ನಂಥದ್ದು ಕರೆಂಟ್ ಹೋಗಿ ಬಂದ ಕೂಡಲೇ ತಾನಾಗಿ ಆನ್ ಆಗಬೇಕಾದರೆ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎನ್ನುವುದನ್ನು ‘ಪವರ್ ಆನ್’ ಮಾಡಿ. ಹೆಸರು ಬೋರ್ಡ್‌ಗೆ ತಕ್ಕಂತೆ ಸ್ವಲ್ಪ ಬೇರೆ ಇರಬಹುದು.

ಏನೇನೋ ಬದಲಿಸಿ ಲೋಗೊ ಕೂಡ ಬಾರದಂತಾಗಿದ್ದರೆ ಬಯಾಸ್ ರೀಸೆಟ್ ಮಾಡಬೇಕು. ಕೇಬಲ್ ಕೀಳಿ. ಬೋರ್ಡ್ ಮೇಲೆ ‘ಕ್ಲಿಯರ್ ಸಿಮಾಸ್’ ಎಂದು ಬರೆದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಮುಟ್ಟಿಸಿ. ಅಲ್ಲಿ ಜಂಪರ್ (ಪಿನ್‌ಗಳನ್ನು ಕೂಡಿಸುವ ಸಣ್ಣ ಟೋಪಿ) ಇದ್ದರೆ ಅದನ್ನು ಸರಿಸಿ, ಆಮೇಲೆ ನೆನಪಿಟ್ಟುಕೊಂಡು ಮೊದಲಿನ ಜಾಗಕ್ಕೇ ಹಾಕಿ. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡ್ ರೀಸೆಟ್ ಆದ ಮೇಲೆ ಮೊದಲ ಸಲ ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು. ರ‍್ಯಾಮ್ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ.

ಬಯಾಸ್ ಅಪ್‌ಡೇಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮೇಲಿನ ಯಾವ ದೋಷಕ್ಕೂ ಅದು ಮೊದಲ ಮದ್ದಲ್ಲ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಕೆಲಸಕ್ಕೆ ಬಾರದಂತಾಗಬಹುದು. ಮಾಡಲೇಬೇಕಾದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿದ್ದು ಚಾರ್ಜರ್ ಕೂಡ ಹಾಕಿರಲಿ, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿರಿ.

ಹೊಸ ಸೆಲ್ ಹಾಕಿಯೂ ಡೇಟ್ ಮತ್ತೆ ಮತ್ತೆ ಹೋಗುತ್ತಿದ್ದರೆ, ಜಂಪರ್ ‘ಕ್ಲಿಯರ್’ ಕಡೆಯೇ ಉಳಿದಿದೆಯಾ, ಹೋಲ್ಡರ್‌ನ ತಗಡು ಸೆಲ್‌ಗೆ ಸರಿಯಾಗಿ ತಾಗುತ್ತಿದೆಯಾ ನೋಡಿ. ಎರಡೂ ಸರಿ ಇದ್ದು ಹೊಸ ಸೆಲ್ ಕೆಲವೇ ವಾರದಲ್ಲಿ ಇಳಿಯುತ್ತಿದ್ದರೆ ಬೋರ್ಡ್‌ನಲ್ಲೇ ಎಲ್ಲೋ ಕರೆಂಟ್ ಸೋರುತ್ತಿದೆ. ಅದು ಚಿಪ್ ಮಟ್ಟದ ರಿಪೇರಿ ಮಾಡುವವರ ಕೆಲಸ. ಡಿಸ್ಕ್ ಬಯಾಸ್‌ನಲ್ಲೂ ಕಾಣದೆ, ಯುಎಸ್‌ಬಿ ಅಡಾಪ್ಟರ್ ಹಾಕಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೂ ಕಾಣದಿದ್ದರೆ ಆಗ ಮಾತ್ರ ಡಿಸ್ಕ್ ಹೋಗಿದೆ ಎನ್ನಬಹುದು. ಬೇರೆ ಕಂಪ್ಯೂಟರ್‌ನಲ್ಲಿ ಕಂಡರೆ ಮೊದಲು ಫೈಲ್‌ಗಳನ್ನು ನಕಲು ಮಾಡಿಕೊಳ್ಳಿ, ಆಮೇಲೆ ರಿಪೇರಿಗೆ ಕೊಡಿ. ಕೊಡುವಾಗ ಬಯಾಸ್ ಪುಟಗಳ ಫೋಟೊ ತೋರಿಸಿ, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.